ಮೆಲ್ಲಗೆ ರೈಟ್

ಆರಕ್ಕೆ ಬಂದರು. ಖಾಕಿ ಅಂಗಿ ಮೊಳೆಗೆ,
ದುಡ್ಡಿನ ಚೀಲ ಬೀರುವಿನ ನೆತ್ತಿಗೆ,
ಸೀಟಿಯನ್ನು ನಾನೇ ಇಸಿದುಕೊಂಡು ಅಕ್ಕಿ ಡಬ್ಬಿಯ ತಳಕ್ಕೆ.
ಉಡುಪಿಯಿಂದ ರಾತ್ರಿಯಿಡೀ ನಿಂತೇ ಬಂದ ಕಾಲು
ಚಾಪೆಗೆ ತಾಗಿದ್ದೇ ತಡ, ಗೊರಕೆ.

ಇನ್ನು ಸಂಜೆ ನಾಲ್ಕರವರೆಗೆ
ಈ ಒಂದೂವರೆ ಕೋಣೆಯಲ್ಲಿ
ಎರಡು ಮಕ್ಕಳು, ಒಂದು ಬೇಸಿಗೆ ರಜೆ
ಸದ್ದು ಮಾಡದೆ ಬದುಕಬೇಕು.

ಇಂಚರ ಅಂತ ಹೆಸರಿಟ್ಟದ್ದು ಅವರೇ.
"ಶ್ಶ್, ಇಂಚರಾ" ಅನ್ನುವುದು ನನ್ನ ಪಾಲಿಗೆ.
ಚಿಕ್ಕವನಿಗೆ ನಾಲ್ಕು. ಪಿಸುಮಾತು ಅಂದರೆ
ಬಾಯಿಗೆ ಕೈ ಅಡ್ಡ ಹಿಡಿದು ಕೂಗುವುದು
ಅಂತ ತಿಳಿದಿದ್ದಾನೆ.

ಕುಕ್ಕರ್ ಇಡುವಂತಿಲ್ಲ. ಅನ್ನ ಬಸಿಯಬೇಕು.
ಸಾಸಿವೆ ಹಾಕಿ ಮುಚ್ಚಳ ಒತ್ತಿ ಹಿಡಿಯುತ್ತೇನೆ,
ಒಳಗೆ ಅದರ ಪಾಡಿಗೆ ಅದು ಸಿಡಿದುಕೊಳ್ಳಲಿ.
ಬಟ್ಟೆ ಕಲ್ಲಿಗೆ ಬಡಿಯುವ ಹಾಗಿಲ್ಲ, ಉಜ್ಜಿ ಹಿಂಡುವುದಷ್ಟೇ.
ತರಕಾರಿ ಗಾಡಿಯವನಿಗೂ ಗೊತ್ತು,
ನಮ್ಮ ಗೇಟು ಬಂದರೆ ಮೈಕು ಆಫ್ ಮಾಡಿ
ಬೆಂಡೆಕಾಯಿ ಬೇಕಾ ಅಂತ ಹುಬ್ಬಿನಲ್ಲೇ ಕೇಳುತ್ತಾನೆ.

ಹನ್ನೊಂದಕ್ಕೇ ಗೋಪಾಳದ ತಾರಸಿಗಳೆಲ್ಲ ಕಾದು
ಕರೆಂಟು ಹೋಗುತ್ತದೆ.
ಫ್ಯಾನು ನಿಂತ ಮೇಲೆ ತಿಳಿಯುತ್ತದೆ,
ಇಷ್ಟು ಹೊತ್ತು ನಮ್ಮನ್ನೆಲ್ಲ ಮುಚ್ಚಿಕೊಂಡಿದ್ದದ್ದು
ಅದರ ಕಟಕಟವೇ ಅಂತ.
ಅವರು ಮಗ್ಗುಲಾಗುತ್ತಾರೆ. ಮೂವರೂ ಉಸಿರು ಹಿಡಿಯುತ್ತೇವೆ.
ಇಂಚರ ರಟ್ಟಿನಿಂದ ಅಪ್ಪನ ಪಾದಕ್ಕೆ ಗಾಳಿ ಹಾಕುತ್ತಾಳೆ,
ಚಿಕ್ಕವನು ಬಾಯಿಂದ.

ಬೆವರುಸಾಲೆಗೆ ಪೌಡರು, ಮುರುಗಲ ಶರಬತ್ತು, ಒದ್ದೆ ಟವೆಲು,
ಅಮ್ಮಾ ಐಸ್‌ಕ್ಯಾಂಡಿ, ಅಮ್ಮಾ ಹೊಳೆಗೆ ಹೋಗೋಣ,
ಅಮ್ಮಾ ಇವನು ನೋಡು ನನ್ನ...
ಒಂದೊಂದು ಸಲ ನನಗೇ ಕಿರುಚಬೇಕು ಅನ್ನಿಸುತ್ತದೆ.
ಹಿತ್ತಲಿಗೆ ಹೋಗಿ, ನೀರು ಬಾರದ ದಿನದ ಖಾಲಿ ಡ್ರಮ್ಮಿಗೆ ತಲೆ ಹಾಕಿ
"ಆ" ಅಂದೆ ಒಮ್ಮೆ.
ಬಡ್ಡಿ ಸಮೇತ ನನಗೇ ವಾಪಸು ಕೊಟ್ಟಿತು.
ನಿನ್ನೆ ನೋಡುತ್ತೇನೆ, ಇಬ್ಬರೂ ಸರದಿಯಲ್ಲಿ
ಅದೇ ಡ್ರಮ್ಮಿಗೆ ಬಗ್ಗಿದ್ದಾರೆ.

ಎರಡರ ಮೇಲೆ ಜಗಲಿಯಿಂದ ಬಸ್ಸು ಹೊರಡುತ್ತದೆ.
ಎರಡು ಪ್ಲಾಸ್ಟಿಕ್ ಕುರ್ಚಿ, ಬೋರಲು ಹಾಕಿದ ಬಕೆಟ್ಟು,
ಸ್ಟೀರಿಂಗಿಗೆ ಜರಡಿ,
ಹಳೆ ಕ್ಯಾಲೆಂಡರಿನ ತಾರೀಖು ಹರಿದು ಟಿಕೆಟ್ಟು.
ಸೀಟಿಯಿಲ್ಲದ ಕಂಡಕ್ಟರು ತುಟಿ ಚೂಪು ಮಾಡಿ ಊದುತ್ತಾಳೆ,
ಬರಿಯ ಗಾಳಿ ಬರುತ್ತದೆ. ಡ್ರೈವರಿಗೆ ಅಷ್ಟು ಸಾಕು.
ಗಾಜನೂರು ದಾಟಿ, ಮಂಡಗದ್ದೆ ದಾಟಿ,
ತಿರುವು ಬಂದರೆ ಇಬ್ಬರೂ ಒಂದೇ ಕಡೆ ವಾಲುತ್ತಾರೆ.

"ಎಲ್ಲಿಗಮ್ಮಾ?"
ಥೇಟ್ ಅಪ್ಪನ ದನಿ, ಪಿಸುಮಾತಿಗೆ ಇಳಿಸಿದ್ದು.
ಬಾಯಿ ತೆರೆದೆ.
ಹತ್ತು ವರ್ಷದಿಂದ ಕಂಡಕ್ಟರನ ಹೆಂಡತಿ,
ಒಂದು ಊರೂ ನಾಲಿಗೆಗೆ ಬರಲಿಲ್ಲ.
ರಿಪ್ಪನ್‌ಪೇಟೆ ಅನ್ನೋಣವೆಂದರೆ
ಅಲ್ಲಿ ಅತ್ತಿಗೆಯ ಮೂರು ಮಕ್ಕಳಿಗೂ ಇದೇ ರಜೆ.
"ಕೊನೇ ಸ್ಟಾಪು" ಅಂದೆ.
"ಹೆಂಗಸರಿಗೆ ಫ್ರೀ. ಹಿಂದೆ ಹೋಗಿ, ಹಿಂದೆ ಹೋಗಿ."
ಹದಿನೇಳು ಅಂತ ಕೆಂಪು ಅಂಕಿಯ ಟಿಕೆಟ್ಟು.

ಹಿಂದಿನ ಕುರ್ಚಿಯಲ್ಲಿ ಕೂತೆ. ಗೋಡೆಗೆ ತಲೆ
ತಾಗಿದ್ದಷ್ಟೇ ನೆನಪು.

ಎಚ್ಚರಾದಾಗ ಎಲ್ಲೂ ಸದ್ದಿಲ್ಲ.
ಎದೆ ಧಸಕ್ಕೆಂದಿತು.
ಬೆಳಗಿನಿಂದ ಬೇಡಿಕೊಂಡದ್ದು ಇದನ್ನೇ, ಆದರೂ
ಮಕ್ಕಳಿರುವ ಮನೆ ಸುಮ್ಮನಿದೆ ಅಂದರೆ
ಏನೋ ಆಗಿದೆ ಅಂತಲೇ ಲೆಕ್ಕ.

ನೋಡಿದರೆ, ಒಳಗೆ ಮಲಗಿದ್ದವರು ಬನಿಯನ್ನಿನಲ್ಲೇ
ಬಕೆಟ್ಟಿನ ಮೇಲೆ ಮಂಡಿ ಗದ್ದಕ್ಕೆ ತಾಗಿಸಿ ಕೂತಿದ್ದಾರೆ,
ಕೈಯಲ್ಲಿ ಹದಿನೆಂಟನೇ ತಾರೀಖು.
ಮೂವರೂ ತುಟಿಗೆ ಬೆರಳಿಟ್ಟುಕೊಂಡು
ನನ್ನನ್ನೇ ನೋಡುತ್ತಿದ್ದರು.

"ಯಾಕೆದ್ದೆ?" ಅಂದಳು ಕಂಡಕ್ಟರು, ಸಿಟ್ಟಿನಿಂದ.
"ಇನ್ನೂ ಆಗುಂಬೆಯೇ ಬಂದಿಲ್ಲ."