ಹದಿನೇಳನೆಯ ಕಂಬ

ವಾಳಪೈ ದಾಟಿ ಎಂಟು ಮೈಲಿಗೆ ಈ ಗುಡ್ಡ.
ಎಲ್ಲಾ ಮುರಕಲ್ಲು. ಗುದ್ದಲಿ ಬಡದ್ರ ಕಿಡಿ ಹಾರತೈತಿ.
"ಹಗೂರ ಅಗೀರಿ," ಅಂತಾನ ಮೇಸ್ತ್ರಿ ಬಸೆಟ್ಟೆಪ್ಪ ನಕ್ಕೋತ,
"ಬೆಂಕಿ ತಪ್ಪಸಾಕ ಬಂದೀವಿ, ಹಚ್ಚಾಕಲ್ಲ."
ನಕ್ಕವರು ಮೂರು ಮಂದಿ.
ನನ್ನ ಗಂಡ ಹುಲಗಪ್ಪ ನಗಲಿಲ್ಲ.

ಎರಡು ಮೊಳ ಆಳ, ಒಂದು ಮೊಳ ಅಗಲ.
ಮೊದಲು ಉಸುಕು, ಆಮ್ಯಾಲ ಕೇಬಲ್ಲು,
ನನ್ನ ಮುಂಗೈ ದಪ್ಪ, ಕರೀದು, ಬಿಸಲಿಗೆ ಕಾದದ್ದು.
ಹನ್ನೆರಡು ಹೆಗಲು ಹೊತ್ತು ತಂದು
ಕೂಸಿನಂಗ ಇಳಸತೀವಿ, ಕುತಿಗಿ ಮಣಿಯದಂಗ.
ಮತ್ತ ಉಸುಕು. ಉಸುಕಿನ ಮ್ಯಾಲ ಇಟ್ಟಂಗಿ.
ಇಟ್ಟಂಗಿ ಮ್ಯಾಲ ಕೆಂಪು ಪಟ್ಟಿ, ಪಟ್ಟಿ ಮ್ಯಾಲ ಅಕ್ಷರ.
ಓದಾಕ ಬರೂದಿಲ್ಲ ನನಗ.
ತಲಿಬುರುಡಿ ಚಿತ್ರ ಐತಿ, ಅಷ್ಟ ಸಾಕು.

ಶಾಲಿನಿ ಗಾವಸ ತನ್ನ ಗೋಡಂಬಿ ಗಿಡದ ಬುಡಕ್ಕ
ಕುರ್ಚಿ ಹಾಕ್ಕೊಂಡು ಕುಂತಾಳ, ಬೆಳಗಿನಿಂದ.
ಸುಟ್ಟ ತೋಟದಾಗ ಚಿಗತದ್ದು ಇದೊಂದ ಗಿಡ.
"ಬೇರು ಕಡದ್ರ ನನ್ನ ಕಾಲು ಕಡದಂಗ," ಅಂತಾಳ ಕೊಂಕಣಿಯೊಳಗ.
ಇಂಜಿನಿಯರು ನಕಾಶೆ ನೋಡಿದ, ಗಡಿಯಾರ ನೋಡಿದ,
ಆಕಿ ಮಾರಿ ನೋಡಿದ.
ನಾವು ಸೊಟ್ಟ ಅಗದ್ವಿ.

ಹೋದ ವರ್ಷ ಶಿಗ್ಮೊ ಮುಂದ,
ಕೆಳಗ ಊರಾಗ ಡೋಲು ಬಡೀತಿದ್ರು.
ಮ್ಯಾಲ ಗಾಳಿ. ಒಣಹುಲ್ಲು ಸೊಂಟಮಟ ನಿಂತಿತ್ತು.
ರಾತ್ರಿ ಎಂಟಕ್ಕ ಗುಡ್ಡ ಕೆಂಪಾತು.
ನಾನೂರು ಗಿಡ, ಒಂದು ಭಟ್ಟಿ, ಕಟ್ಟಿದ್ದ ಒಂದು ಕರು.
ಬೆಳಗಾಗೂದ್ರಾಗ ಮಾತು ಹುಟ್ಟಿತ್ತು:
ಘಾಂಟಿ ಮಂದಿ ಬೀಡಿ.

ಎರಡು ರಾತ್ರಿ ಠಾಣೆಯೊಳಗ ಕುಂದರಿಸಿದ್ರು ಇಂವನ್ನ.
ಹುಟ್ಟಿದಾಗಿಂದ ಬೀಡಿ ಮುಟ್ಟಿದಾಂವ ಅಲ್ಲ.
ಬಾಯಿ ತಗದು ತೋರಿಸಿದ: ಎಲಿಅಡಿಕಿ ಹಲ್ಲು,
ನೋಡ್ರಿ ಸಾಹೇಬ್ರ, ಈ ಕೆಂಪು ಹೊಗಿಯದಲ್ಲ.
ಬಾಯಿ ಮುಚ್ಚು ಅಂದ್ರು.
ಮುಚ್ಚಿದಾಂವ ಈಗಲೂ ಪೂರಾ ತಗದಿಲ್ಲ.

ಮೂರನೇ ದಿನ ಲೈನ್‌ಮನ್ ರೋಹಿದಾಸ ಝರ್ಮೇಕರ
ಹದಿನೇಳನೆಯ ಕಂಬದ ಬುಡಕ್ಕ ಕುಕ್ಕರಗಾಲಿಲೆ ಕುಂತು
ಬೂದಿಯೊಳಗಿಂದ ಆರಿಸಿ ತಗದ,
ಸಾಬೂದಾಣಿಯಂಥಾ ಬಿಳಿ ಕಾಳು.
"ಜೋತ ತಂತಿ ಎರಡು ಗಾಳಿಗೆ ಬಡದಾಡ್ಯಾವ.
ಕರಗಿದ್ದು ಹಿಂಗ ಹನಿ ಹನಿ ಬೀಳತೈತಿ.
ಹಸಿ ನೆಲಕ್ಕ ಬಿದ್ರ ಕಾಳು,
ಹುಲ್ಲಿಗೆ ಬಿದ್ರ ಇದು."
ಇದು ಅಂತ ಕೈ ಬೀಸಿ ಗುಡ್ಡ ತೋರಿಸಿದ.

ಬರದು ಕಳಿಸಿದ. ಕಾಗದ ಪಣಜಿಗೆ ಹೋತು.
ನಮ್ಮ ತಗಡಿನ ಶೆಡ್ಡಿಗೆ ಯಾರೂ ಬರಲಿಲ್ಲ.
ಯಾರೋ ಒಂದು ಬಾಟ್ಲಿ ಹುರಾಕು ಕಳಿಸಿದ್ರು, ಹೆಸರು ಹೇಳದ.
ಅಂವ ಕುಡಿಯೂದೂ ಇಲ್ಲ.

ನಮ್ಮವ್ವ ರಾತ್ರಿ ಒಲಿಯೊಳಗ
ಕೆಂಡಕ್ಕ ಬೂದಿ ಹೊದಿಸಿ ಮಲಗಸತಿದ್ದಳು.
ಬೆಂಕಿ ಸಾಯಬಾರದು, ಎದ್ದು ತಿರಗಲೂಬಾರದು.
ಮುಂಜಾನಿ ಒಂದು ಉಫ್ ಅಂದ್ರ ಚಾ ಕುದೀತಿತ್ತು.
ಈ ತೆಗ್ಗು ನೋಡಿದಾಗೆಲ್ಲಾ ಆಕಿ ಕೈ ನೆನಪಾಗತಾವ.
ಬೂದಿ ಮುಚ್ಚಿದ ಕೆಂಡ ಅಂತ
ಮಂದಿ ಯಾಕ ಹೆದರಿಸತಾರೋ, ಗೊತ್ತಿರಲಿಲ್ಲ ಆವಾಗ.
ಈಗ ಗಂಡನ ಬಾಜೂಕ ಮಲಗತೀನಿ, ಗೊತ್ತೈತಿ.

ನಿನ್ನೆ ಕಂಬ ಕೆಡವಿದ್ರು. ತಂತಿ ಸುತ್ತಿ ಲಾರಿಗೆ ಹಾಕಿದ್ರು.
ಕತ್ತರಿ ಬಾಲದ ಕರೀ ಹಕ್ಕಿ ಒಂದು
ತಂತಿ ಇದ್ದ ಜಾಗಕ್ಕ ಬಂದು, ಕಾಲು ಚಾಚಿ,
ಏನೂ ಸಿಗದ, ಮತ್ತ ಒಂದು ಸುತ್ತು ಹಾರಿತು.
ಹಂಗ ನಾಕೈದು ಸಲ.

ಇವತ್ತು ತೆಗ್ಗು ಹದಿನೇಳಕ್ಕ ಬಂತು.
ಸೆರಗಿನ ಗಂಟು ಬಿಚ್ಚಿದೆ.
ಆವತ್ತು ರೋಹಿದಾಸ ಕೊಟ್ಟ ಕಾಳು, ಒಂದ,
ತೊಳದ್ರೂ ಹೋಗದ ಮಸಿ ಒಂದು ಮಗ್ಗಲಿಗೆ.
ಉಸುಕಿನಾಗ ಬಿಟ್ಟುಬಿಡೂಣು ಅಂತ ಬಗ್ಗಿದೆ.
ಇಟ್ಟಂಗಿ ಬೀಳತೈತಿ, ಪಟ್ಟಿ ಬೀಳತೈತಿ, ಮಣ್ಣು,
ಮಳಿ ಬಂದ್ರ ಹುಲ್ಲು. ಮುಗೀತು.

ತೆಗ್ಗಿನೊಳಗಿಂದ ಅಂವ ತಲಿ ಎತ್ತಿದ.
"ಬ್ಯಾಡ," ಅಂದ. "ಇಟಗೋ."

ಇಂಜಿನಿಯರು ಟೇಪು ಹಿಡಕೊಂಡು ಬಂದ.
ಇವತ್ತು ಎಷ್ಟು ಮೀಟರು?
ಹದಿನೆಂಟು, ಅಂದೆ.
ಗಂಟು ಬಿಗದು ಸೊಂಟಕ್ಕ ಸಿಗಿಸಿ
ಉಸುಕಿನ ಪುಟ್ಟಿ ಎತ್ತಿದೆ.