ಯಾರ ಸಾಲಿನಲ್ಲಿ ಯಾರ ನಂಬರು

ಮತ್ತಿಗೋಡಿನ ಶಿಬಿರ, ಔಷಧಿ ಕೊಠಡಿ, ಮಧ್ಯಾಹ್ನ.
ಲ್ಯಾಪ್‌ಟಾಪಿನ ಪಕ್ಕ ಬೇವಿನೆಣ್ಣೆಯ ಡಬ್ಬ,
ಇಲಿ ಕಡಿದ ಲೆಡ್ಜರು, ಡಾಕ್ಟರ ಕಾಗೆಕಾಲು ಗುಬ್ಬಿಕಾಲು.
ಆನೆಗಳಿಗೊಂದು ಟೇಬಲ್, ಮಾವುತರಿಗೊಂದು
ಅಂತ ಪೈಥಾನಿನಲ್ಲಿ ಎರಡು ಕ್ಲಾಸ್ ಬರೆದೆ.
ಆಮೇಲೆ ಬೆರಳು ತಡೆಯಿತು:
ಆನೆಯ ಸಾಲಿನಲ್ಲಿ ಮಾವುತನ ನಂಬರೋ,
ಮಾವುತನ ಸಾಲಿನಲ್ಲಿ ಆನೆಯದೋ?

ಫಾರಿನ್ ಕೀ ಅನ್ನುತ್ತಾರೆ ಇದಕ್ಕೆ.
ಪರದೇಶದ್ದೇನಲ್ಲ; ಪಕ್ಕದ ಮನೆಯವರ ನಂಬರನ್ನು
ನಮ್ಮ ಗೋಡೆಯಲ್ಲಿ ಕೆತ್ತಿಕೊಳ್ಳುವುದು.
ನಮ್ಮಲ್ಲಿ ಬೀಗಕ್ಕೂ ಕೈ ಇದೆ,
ಹಸ್ತಿಗೂ ಇದೆ.

ಕಿಟಕಿಯಲ್ಲಿ ಬಗ್ಗಿದ ಅಪ್ಪಯ್ಯನನ್ನು ಕೇಳಿದೆ:
ನೀನು ಆನೆಯವನಾ, ಆನೆ ನಿನ್ನದಾ?
"ಸಂಬಳದ ದಿನ ಆನೆ ನಂದು ಮೇಡಂ,
ಅದು ಮುನಿದಾಗ ನಾನು ಅದರವನು."
ಕುಸುರೆ ಕಟ್ಟಲು ಹೋದ.

ಸರಿ, ಆನೆಯ ಸಾಲಿನಲ್ಲೇ ಇರಲಿ,
ಖಾಲಿ ಮಾತ್ರ ಬಿಡುವಂತಿಲ್ಲ ಎಂದು ಬರೆದೆ.
ಎರಡೂ ಕಡೆ ರಿಲೇಶನ್‌ಶಿಪ್ ಇಟ್ಟು
ಒಂದರ ಹೆಸರನ್ನು ಇನ್ನೊಂದರ ಬಾಯಲ್ಲಿಟ್ಟೆ.
ಈಗ ಹೊನ್ನಮ್ಮನ ಕರೆದರೆ ಬೊಳ್ಳ ಓಗೊಡುತ್ತಾನೆ,
ಬೊಳ್ಳನ ಕರೆದರೆ ಹೊನ್ನಮ್ಮ.

ಲೆಡ್ಜರಿನಲ್ಲಿ ಬೊಳ್ಳನ ಹೆಸರಿನ ಮೇಲೆ ಕೆಂಪು ಗೆರೆ.
ಹೋದ ಕಕ್ಕಡದಲ್ಲಿ ತೀರಿಕೊಂಡ, ಜ್ವರ.
ಗೆರೆಯಷ್ಟೇ ಸುಲಭವೆಂದು ಡಿಲೀಟ್ ಬರೆದೆ, ಕಮಿಟ್ ಒತ್ತಿದೆ.
ಒಪ್ಪಲಿಲ್ಲ.
ಅವನನ್ನು ತೆಗೆಯಲು ಲೈಬ್ರರಿ ಮೊದಲು
ಹೊನ್ನಮ್ಮನ ಸಾಲಿನ ಆ ಜಾಗವನ್ನು ಬರಿದು ಮಾಡಹೋಯಿತು.
ಬರಿದು ಬಿಡುವಂತಿಲ್ಲ ಎಂದವಳು ನಾನೇ ತಾನೆ.

ಕ್ಯಾಸ್ಕೇಡ್ ಎಂಬುದೊಂದಿದೆ. ಅದನ್ನು ಹಾಕಿದ್ದರೆ
ಅವನ ಹಿಂದೆಯೇ ಅವಳೂ ಅಳಿಯುತ್ತಿದ್ದಳು,
ಮೂರು ಟನ್, ಸದ್ದಿಲ್ಲದೆ.

ಹೊರಗೆ ಹೊನ್ನಮ್ಮ ಅಪ್ಪಯ್ಯನ ಮೊದಲ ಕುಸುರೆಯನ್ನು
ಇವತ್ತೂ ಮೂಸಿ ಪಕ್ಕಕ್ಕಿಟ್ಟಳು.
ಎರಡನೆಯದು ತಿಂದಳು.

ಆನೆಯ ಸಾಲಿನಿಂದ ಆ ಕೈಯನ್ನು ಬಿಡಿಸಿ
ಮೂರನೆಯ ಟೇಬಲ್ ಮಾಡಿದೆ. ಹೆಸರು: ಜೊತೆ.
ಆನೆಯ ನಂಬರು, ಆಳಿನ ನಂಬರು,
ಯಾವತ್ತಿನಿಂದ, ಯಾವತ್ತಿನವರೆಗೆ.
ಕೊನೆಯ ಕಾಲಂ ಖಾಲಿ ಇದ್ದರೂ ನಡೆಯುತ್ತದೆ.
ಅಪ್ಪಯ್ಯನನ್ನು ಸೇರಿಸಿದೆ, ಯುಗಾದಿಯ ಮಾರನೇ ದಿನದಿಂದ.
ಬೊಳ್ಳನ ಸಾಲಿಗೆ ಬಂದಾಗ
ಡೇಟಾಬೇಸ್ ತಾರೀಖು ಕೇಳಲಿಲ್ಲ,
ನಾನೂ ತುಂಬಲಿಲ್ಲ.
ಆಮೇಲೆ ಜಂತುಹುಳದ ಮಾತ್ರೆಗಳ ಟೇಬಲ್ ಶುರುಮಾಡಿದೆ.