ಉಸರ ಹಿಡೀರಿ

ಗದಗ ರಸ್ತೆದಾಗ ರೈಲ್ವೆ ದವಾಖಾನಿ, ಎಕ್ಸ್‌ರೇ ಕೋಣಿ.
ಹದಿನಾಲ್ಕು ವರ್ಷದಿಂದ ನನ್ನ ಬಾಯಾಗ ಎರಡ ಮಾತು:
ಉಸರ ಹಿಡೀರಿ. ಬಿಡ್ರಿ.

ವರ್ಷಕ್ಕೊಮ್ಮೆ ಟೆರಿಟೋರಿಯಲ್ ಆರ್ಮಿಯ ಕಾಗದ ಬರತೈತಿ.
ಟ್ರಂಕಿನಾಗಿನ ಬೂಟಿಗೆ ಪಾಲಿಶ್ ಹಚ್ಚತೀನಿ,
ಹೊಟ್ಟಿ ಒಳಗ ಎಳಕೊಂಡು ಬೆಲ್ಟಿನ ಹಳೇ ತೂತು ಹುಡುಕತೀನಿ.
"ದೇಶಸೇವಾ ನಿಮಗ, ಡಬಲ್ ಡ್ಯೂಟಿ ನನಗ"
ಅಂತ ಸಲೋಮಿ ಕೋಣಿ ಕೀಲಿ ಕಸಗೊಂಡಳು. ನಗಲಿಲ್ಲ.

ಶಿಬಿರದಾಗ ಬೆಳಗಿನ ಮಂಜು, ಎದಿ ಕೆಳಗ ಥಂಡಿ ಮಣ್ಣು.
ಉಸ್ತಾದ ಕಿವಿ ಹತ್ರ ಬಗ್ಗಿ ಅಂದ: ಸಾಂಸ್ ರೋಕೋ.
ಅರ್ಧ ಬಿಟ್ಟು, ಅರ್ಧ ಹಿಡದು
ಕುದುರಿ ಎಳದೆ.
ಎದುರಿಗೆ ರಟ್ಟಿನ ಮನಶ್ಯಾ, ಎದಿಮ್ಯಾಲೆ ಉಂಗುರದ ಗೆರಿ.
ನನಗ ಕಂಡದ್ದು ಪಕ್ಕೆಲಬು,
ಎಡಕ್ಕ, ಐದನೇದರ ಕೆಳಗ.
ಐದರಾಗ ನಾಕು ಬಿದ್ದವು. ಶಾಬಾಷ್ ಅಂದ ಉಸ್ತಾದ.
ಒಂದು ಎಲ್ಲಿ ಹೋತೋ.

ತಿರಿಗಿ ಬಂದ ಸೋಮವಾರ
ಮೊದಲನೇ ಪೇಶಂಟ, ಅಣ್ಣಿಗೇರಿಯ ಗ್ಯಾಂಗ್‌ಮನ್ ದ್ಯಾಮಪ್ಪ.
ಮೂವತ್ತು ವರ್ಷ ಹಳಿ ಮ್ಯಾಲೆ ನಡದವ,
ಕೆಮ್ಮಿದರ ಜಲ್ಲಿ ಸರದಂಗ ಸಪ್ಪಳ.
ಅಂಗಿ ಬಿಚ್ಚಿ, ಥಂಡಿ ಪ್ಲೇಟಿಗೆ ಎದಿ ಹಚ್ಚಿ ನಿಂತ,
ಬೆನ್ನು ನನ್ನ ಕಡೆ.
ಗಾಜಿನ ಹಿಂದ ಹೋಗಿ, ಗುಂಡಿ ಮ್ಯಾಲೆ ಬೆರಳಿಟ್ಟು
ಉಸರ ಹಿಡೀರಿ ಅಂದೆ.

ಎಷ್ಟೊತ್ತು ನಿಂತೆನೋ.
ಗುಂಡಿ ಒತ್ತಿ ಆಗಿತ್ತು, ಚಿತ್ರ ಬಂದಿತ್ತು,
ಇನ್ನೊಂದು ಮಾತು ಬಾಯಿಗೆ ಬರಲಿಲ್ಲ.
ಹೊರಗ ವರ್ಕ್‌ಶಾಪಿನ ಸೈರನ್ ಕೂಗಿ ಮುಗೀತು.

ಕುತ್ತಿಗಿ ಕೆಂಪಾಗಿ, ತಿರುಗಿ ನೋಡದ,
ಹಲ್ಲಿನ ಸಂದ್ಯಾಗಿಂದ ದ್ಯಾಮಪ್ಪ ಕೇಳಿದ:
"ಸಾಹೇಬ್ರ, ಬಿಡ್ಲೇನ್ರೀ?"